ಅರೆಕಾ ಅಂದರೆ ನಮ್ಮ ಅಡಕ್ಕೆಯೇ

ಊರು ಪೆರ್ಲದ ಹತ್ತಿರ, ಕಾಸರಗೋಡು ಜಿಲ್ಲೆ ಅಂದ ಕೂಡಲೇ ಬೆಂಗಳೂರಿನವರು ಮೊದಲು ‘ಓ ಕೇರಳನಾ, ಕನ್ನಡ ಚೆನ್ನಾಗಿ ಬರುತ್ತಲ್ಲ’ ಅನ್ನುತ್ತಾರೆ. ಅದು ಬಿಡಿ, ಅಭ್ಯಾಸವಾಗಿದೆ. ಅಡಿಕೆ ತೋಟ ಇದೆ ಅಂತ ಗೊತ್ತಾದರೆ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ. ಅಡಿಕೆಗೆ ಇಂಗ್ಲಿಷಿನಲ್ಲಿ ಬೀಟಲ್ ನಟ್ ಅನ್ನಬೇಕೋ, ಅರೆಕಾ ನಟ್ ಅನ್ನಬೇಕೋ? ಈ ಅರೆಕಾ ಯಾವ ಭಾಷೆ, ಲ್ಯಾಟಿನ್ನಾ?

ಲ್ಯಾಟಿನ್ ಅಲ್ಲ ಮಾರಾಯ್ರೆ. ನಮ್ಮದೇ.

ನಮ್ಮದು ಹವ್ಯಕ ಕನ್ನಡದ ಮನೆ. ಅಜ್ಜಿ ಹೇಳುವುದು ‘ಅಡಕ್ಕೆ’. ಸುಲಿಯಲು ಬರುವವರಲ್ಲಿ ತುಳುವಿನವರಿಗೆ ಅದು ಬಜ್ಜೆಯಿ, ಮಲಯಾಳದವರಿಗೆ ಅಡಕ್ಕ. ಒಂದೇ ರಾಶಿಯ ಸುತ್ತ ಕೂತು ಮೂರು ಹೆಸರಲ್ಲಿ ಕರೆಯುತ್ತಾರೆ, ಯಾರಿಗೂ ಗೊಂದಲ ಇಲ್ಲ. 1498ರಲ್ಲಿ ಕೋಳಿಕ್ಕೋಡಿನ ಹತ್ತಿರ ಬಂದಿಳಿದ ಪೋರ್ಚುಗೀಸರ ಕಿವಿಗೆ ಬಿದ್ದದ್ದು ಈ ಮಲಯಾಳದ ಅಡಕ್ಕ. ನಮ್ಮ ‘ಡ’ ಅವರ ನಾಲಿಗೆಗೆ ಒಗ್ಗಲಿಲ್ಲ, ‘ರ’ ಆಯಿತು. ಅರೆಕಾ! ನಂಬಿಕೆ ಬಾರದಿದ್ದರೆ ಪಕ್ಕದ ಕೊಡಗು ನೋಡಿ, ಮಡಿಕೇರಿಯನ್ನು ಬ್ರಿಟಿಷರು ಮರ್ಕಾರ ಮಾಡಿಟ್ಟದ್ದೂ ಇದೇ ‘ಡ’ದ ತೊಂದರೆಯಿಂದ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಗಿಡಗಳಿಗೆಲ್ಲ ಹೆಸರಿಡುವಾಗ ಅರೆಕಾ ಅಂತಲೇ ಬರೆದ. ಅಲ್ಲಿಂದ ಅದಕ್ಕೆ ಲ್ಯಾಟಿನ್ ಗತ್ತು ಬಂತು, ಅಷ್ಟೇ.

ಅಡಕ್ಕ ಅಂದರೇನು ಅಂತ ಕೆದಕಿದರೆ ಇನ್ನೂ ಮಜಾ ಇದೆ. 1886ರಲ್ಲಿ ಯೂಲ್ ಮತ್ತು ಬರ್ನೆಲ್ ಅವರ ಆಂಗ್ಲೋ-ಇಂಡಿಯನ್ ಪದಕೋಶ ಹೊರಬಂತು. ಈ ಬರ್ನೆಲ್ ಮಂಗಳೂರಿನಲ್ಲೂ ಕೆಲಸ ಮಾಡಿದವರು, ತುಳು ಪಾಡ್ದನದ ಹಾಡುಗಳನ್ನು ಸಂಗ್ರಹಿಸಿದವರು. ಆ ಪದಕೋಶದ 1903ರ ಆವೃತ್ತಿಯಲ್ಲಿ ದ್ರಾವಿಡ ಭಾಷೆಗಳ ವಿದ್ವಾಂಸ ಕಾಲ್ಡ್‌ವೆಲ್ ಹೇಳಿದ ವಿವರಣೆ ಇದೆ: ‘ಅಡೈ’ ಅಂದರೆ ಒತ್ತೊತ್ತಾಗಿ ಜೋಡಿಸಿದ್ದು, ಅದಕ್ಕೆ ‘ಕಾಯಿ’ ಸೇರಿ ಅಡಕ್ಕ. ನನಗಂತೂ ಇದು ಸರಿ ಕಾಣುತ್ತದೆ. ಒಂದು ಅಡಿಕೆ ಗೊನೆ ಕೈಯಲ್ಲಿ ಹಿಡಿದು ನೋಡಿ. ಕಾಯಿಗಳ ನಡುವೆ ಬೆರಳು ತೂರಿಸಲು ಜಾಗ ಇರುವುದಿಲ್ಲ, ಮಧ್ಯದ ಒಂದನ್ನು ಕೀಳಬೇಕಾದರೆ ಅಕ್ಕಪಕ್ಕದ ಎರಡು ಉದುರಿಯೇ ಉದುರುತ್ತವೆ.

ಇನ್ನು ಬೀಟಲ್ ನಟ್. ಬೀಟಲ್ ಅಂದರೆ ಅಡಿಕೆಯೇ ಅಲ್ಲ, ವೀಳ್ಯದೆಲೆ. ಮಲಯಾಳದ ‘ವೆಟ್ಟಿಲ’ ಅದೇ ಪೋರ್ಚುಗೀಸರ ಬಾಯಲ್ಲಿ ತಿರುಚಿ ಹಾಗಾಯಿತು. ಎಲೆ, ಅಡಿಕೆ, ಸುಣ್ಣ ಒಟ್ಟಿಗೆ ಬಾಯಿಗೆ ಹೋಗುವುದನ್ನು ಕಂಡವರು ಎಲೆಯ ಹೆಸರನ್ನು ಕಾಯಿಗೆ ಅಂಟಿಸಿಬಿಟ್ಟರು. ನಮ್ಮಲ್ಲಿ ವೀಳ್ಯದ ಬಳ್ಳಿಯನ್ನು ಅಡಿಕೆ ಮರಕ್ಕೇ ಹಬ್ಬಿಸುತ್ತೇವೆ, ನಿಜ. ಆದರೆ ಬಳ್ಳಿಯಲ್ಲಿ ಅಡಿಕೆ ಬಿಟ್ಟದ್ದನ್ನು ನಾನು ನೋಡಿಲ್ಲ. (ಚಿಕ್ಕವನಿದ್ದಾಗ ನಾನು ಬೀಟಲ್ ಅಂದರೆ ದುಂಬಿ ಅಂದುಕೊಂಡಿದ್ದೆ. ಹುಳ ಹಿಡಿದ ಅಡಿಕೆಗೆ ಇಂಗ್ಲಿಷಿನವರು ಬೇರೆ ಹೆಸರೇ ಇಟ್ಟಿದ್ದಾರಲ್ಲ ಅಂತ ಖುಷಿ ಬೇರೆ.) ನಿಘಂಟುಗಳಲ್ಲಿ ಬೀಟಲ್ ನಟ್ ಇದೆ, ಯಾರೂ ತಪ್ಪು ಅನ್ನುವುದಿಲ್ಲ. ಆದರೂ ನಾನು ಅನ್ನುವುದು ಅರೆಕಾ ಅಂತಲೇ.

ಲಿನೇಯಸ್ ಕೂಡ ಪೂರ್ತಿ ಬಚಾವ್ ಅಲ್ಲ. ಅರೆಕಾದ ಬಾಲಕ್ಕೆ ‘ಕ್ಯಾಟೆಚು’ ಸೇರಿಸಿದ. ಅದು ನಮ್ಮ ಕಾಚು! ಕಾಚು ಬರುವುದು ಖೈರದ ಮರದ ತಿರುಳು ಕುದಿಸಿ, ಅಡಿಕೆಯಿಂದಲ್ಲ. ಅಂದರೆ ಶಾಸ್ತ್ರೀಯ ಹೆಸರಲ್ಲೂ ಅರ್ಧ ಅಡಿಕೆ, ಅರ್ಧ ಕಾಚು. ಎಲೆ, ಸುಣ್ಣ ಮಾತ್ರ ಬಾಕಿ.

ಅರೆಕಾ ಬಗ್ಗೆ ಇಷ್ಟೆಲ್ಲ ಹೇಳಿದ ಮೇಲೆ ಫ್ಲ್ಯಾಟಿನವರು ಬಾಲ್ಕನಿಗೆ ಕರೆದುಕೊಂಡು ಹೋಗಿ ಕುಂಡದ ಗಿಡ ತೋರಿಸುತ್ತಾರೆ. ನರ್ಸರಿಯಲ್ಲಿ ಅರೆಕಾ ಪಾಮ್ ಅಂತ ಕೊಟ್ಟರು, ಇದರಲ್ಲಿ ಅಡಿಕೆ ಯಾವಾಗ ಆಗುತ್ತೆ? ಅದು ಮಡಗಾಸ್ಕರ್ ಕಡೆಯ ಬೇರೆಯೇ ಗಿಡ, ಹೆಸರು ಮಾತ್ರ ನಮ್ಮದು. ಅಡಿಕೆ ಆಗುವುದಿಲ್ಲ. ನೆರಳಿಗೆ ಚೆನ್ನಾಗಿದೆ, ಸುಮ್ನೆ ನೀರು ಹಾಕುತ್ತಾ ಇರಿ.