8000 ಗ್ರಿಟ್‌ನ ಕಲ್ಲಿನಲ್ಲಿ ಮಸೆದ ಚಾಕು ಟೊಮೆಟೊ ಮೇಲೆ ಜಾರಿದ್ದು ಯಾಕೆ?

ಬೆಂಗಳೂರಿನ ಒಂದು ಹೋಟೆಲಿನ ಕೋಲ್ಡ್ ಕಿಚನ್‌ನಲ್ಲಿ ನಾನು ಸಿಡಿಪಿ, ಅಂದರೆ ಒಂದು ಸೆಕ್ಷನ್ ನೋಡಿಕೊಳ್ಳುವ ಶೆಫ್. ಸಲಾಡ್, ಹಣ್ಣು, ಹಸಿ ಮೀನಿನ ಪ್ಲೇಟು ಎಲ್ಲ ನನ್ನ ಸೆಕ್ಷನ್ನು. ಇದರ ಜೊತೆಗೆ ಅಡುಗೆಮನೆಯ ಚಾಕುಗಳನ್ನು ಮಸೆಯುವ ಕೆಲಸವೂ ಮೂರು ವರ್ಷದಿಂದ ನನ್ನ ಕೈಯಲ್ಲೇ ಇದೆ. ಯಾರೂ ಹೇಳಿ ಕೊಟ್ಟ ಕೆಲಸ ಅಲ್ಲ. ಇಷ್ಟ ಅಂತ ನಾನೇ ಹಚ್ಚಿಕೊಂಡದ್ದು.

ಶುರುವಿನಲ್ಲಿ ನನ್ನ ಹತ್ತಿರ 1000 ಗ್ರಿಟ್‌ನ ಒಂದೇ ಸೆರಾಮಿಕ್ ಕಲ್ಲು ಇತ್ತು. ಗ್ರಿಟ್ ಅಂದರೆ ಕಲ್ಲಿನ ನಯ ಹೇಳುವ ಅಂಕಿ, ಅಂಕಿ ಹೆಚ್ಚಾದಷ್ಟೂ ಕಲ್ಲು ನಯ. ಜಪಾನಿನ ಶಾಪ್ಟನ್ ಕಂಪನಿಯ, ಕಿತ್ತಳೆ ಬಣ್ಣದ್ದು. ಎಲ್ಲ ಕೆಲಸವೂ ಅದರಲ್ಲೇ ನಡೆಯುತ್ತಿತ್ತು. ಆದರೆ ಇನ್ನೂ ನಯವಾದ ಕಲ್ಲು ಇದ್ದರೆ ಚಾಕು ಇನ್ನೂ ಹರಿತ ಆಗುತ್ತದೆ ಅಂತ ತಲೆಯಲ್ಲಿ ಕೂತುಬಿಟ್ಟಿತು. ಎರಡು ತಿಂಗಳು ದುಡ್ಡು ಉಳಿಸಿ 8000 ಗ್ರಿಟ್‌ನ ಕಲ್ಲು ತರಿಸಿದೆ. ಒಂದು ಶನಿವಾರ ರಾತ್ರಿ ಸರ್ವಿಸ್ ಮುಗಿದ ಮೇಲೆ, ಮರುದಿನದ ಬ್ರಂಚ್‌ಗೆ ಅಂತ ನಾಲ್ಕು ಚಾಕುಗಳನ್ನು ಮಸೆದಿಟ್ಟೆ. ಅಲಗಿನ ಅಂಚು ಕನ್ನಡಿ ಥರ ಹೊಳೆಯುತ್ತಿತ್ತು. ಮುಂಗೈ ಮೇಲಿನ ಕೂದಲು ಸರಕ್ಕನೆ ಬೋಳಾಯಿತು. ಅಷ್ಟು ಖುಷಿಯಲ್ಲಿ ಮನೆಗೆ ಹೋದದ್ದು ಕಡಿಮೆ.

ಭಾನುವಾರ ಹನ್ನೊಂದು ಗಂಟೆ ಹೊತ್ತಿಗೆ ನಮ್ಮ ಕಮಿ, ಅಂದರೆ ಕಿರಿಯ ಅಡುಗೆ ಹುಡುಗ, ಟೊಮೆಟೊ ಹೆಚ್ಚುತ್ತಿದ್ದ. ಚಾಕು ಸಿಪ್ಪೆಯ ಮೇಲೆ ಜಾರಿ ಎಡಗೈ ತೋರುಬೆರಳಿಗೆ ಇಳಿಯಿತು. ಮೂರು ಹೊಲಿಗೆ ಬಿತ್ತು. ಆಸ್ಪತ್ರೆಯಿಂದ ವಾಪಸ್ ಬಂದವನು, "ಅಣ್ಣಾ, ಅದು ನಿನ್ನೆ ನೀವು ಮಸೆದ ಚಾಕೇ ಅಲ್ವಾ?" ಅಂತ ಕೇಳಿದ. ದೂರು ಹೇಳುವ ದನಿ ಅಲ್ಲ. ಸುಮ್ನೆ ಕೇಳಿದ. ಆ ಪ್ರಶ್ನೆಗೆ ಉತ್ತರ ಕಂಡುಕೊಳ್ಳದೆ ಇನ್ನೊಂದು ಚಾಕು ಮುಟ್ಟಬಾರದು ಅನ್ನಿಸಿತು.

ಅವತ್ತು ರಾತ್ರಿ ಆ ಚಾಕನ್ನು ಪಾಸ್‌ನ (ರೆಡಿಯಾದ ಪ್ಲೇಟು ಹೊರಗೆ ಕೊಡುವ ಕಟ್ಟೆಯ) ದೀಪದ ಕೆಳಗೆ ಅಂಚು ಮೇಲೆ ಮಾಡಿ ಹಿಡಿದೆ. ನಿಜವಾಗಿ ಹರಿತ ಇರುವ ಅಂಚು ಬೆಳಕು ತೋರಿಸುವುದಿಲ್ಲ. ಅಲ್ಲಿ ಹೊಳೆಯಲು ಜಾಗವೇ ಇರುವುದಿಲ್ಲ. ಈ ಚಾಕಿನಲ್ಲಿ ಹಿಡಿಯ ಕಡೆಯಿಂದ ಮಧ್ಯದವರೆಗೆ ಬೆಳ್ಳನೆ ಗೆರೆ ಮಿಂಚುತ್ತಿತ್ತು. ಹೆಬ್ಬೆರಳನ್ನು ಬೆನ್ನಿನ ಕಡೆಯಿಂದ ಅಂಚಿನ ಆಚೆಗೆ ಮೆಲ್ಲಗೆ ಎಳೆದೆ. ಎಡ ಮೈಯಲ್ಲಿ ನುಣ್ಣಗೆ. ಬಲ ಮೈಯಲ್ಲಿ ಸಣ್ಣಗೆ ತರಚಿದ ಹಾಗೆ. ಬರ್ ಹಾಗೇ ಉಳಿದಿತ್ತು.

ಒಂದು ಮೈಯನ್ನು ಕಲ್ಲಿಗೆ ತಿಕ್ಕುತ್ತಾ ಹೋದರೆ ಅಂಚಿನ ಉಕ್ಕು ತೆಳ್ಳಗಾಗಿ ಆಚೆ ಮೈಗೆ ಮಡಚಿಕೊಳ್ಳುತ್ತದೆ. ಆ ಎಳೆಯೇ ಬರ್. ಅದು ಹಿಡಿಯಿಂದ ತುದಿವರೆಗೂ ಬರಬೇಕು, ಬಂದರೇನೇ ಅಂಚಿನವರೆಗೆ ಮಸೆದಿದ್ದೇವೆ ಅಂತ ಲೆಕ್ಕ. ಆಮೇಲೆ ಅದೇ ಕಲ್ಲಿನ ಮೇಲೆ ಒತ್ತಡ ಕಮ್ಮಿ ಮಾಡುತ್ತಾ, ಮೈ ಬದಲಿಸುತ್ತಾ ಅದನ್ನು ತೆಗೆಯಬೇಕು. ನಾನು ಬರ್ ಬಂದ ಕೂಡಲೇ 8000ಕ್ಕೆ ಹಾರಿದ್ದೆ. ಉಳಿದದ್ದನ್ನು ನಯವಾದ ಕಲ್ಲು ತೆಗೆಯುತ್ತದೆ ಅಂದುಕೊಂಡಿದ್ದೆ. ಅಷ್ಟು ನಯದ ಕಲ್ಲಿಗೆ ಆ ಶಕ್ತಿ ಎಲ್ಲಿಂದ ಬರಬೇಕು? ಅದು ಬರ್‌ಗೇ ಪಾಲಿಶ್ ಕೊಟ್ಟು ನೆಟ್ಟಗೆ ನಿಲ್ಲಿಸಿತ್ತು. ನಿಂತಿರುವಷ್ಟು ಹೊತ್ತು ಅದು ಕೂದಲನ್ನೂ ಬೋಳಿಸುತ್ತದೆ. ಬೋರ್ಡಿಗೆ ಹತ್ತಿಪ್ಪತ್ತು ಸಲ ತಾಗಿದ ಮೇಲೆ ಮಗುಚಿಕೊಳ್ಳುತ್ತದೆ. ಮಗುಚಿದ ಅಂಚು ಟೊಮೆಟೊ ಸಿಪ್ಪೆಯನ್ನು ಕಚ್ಚುವುದಿಲ್ಲ, ಜಾರುತ್ತದೆ.

ನಮ್ಮ ಬುಚರಿಯಲ್ಲಿ, ಅಂದರೆ ಮಾಂಸ ಕತ್ತರಿಸುವ ಸೆಕ್ಷನ್ನಿನಲ್ಲಿ, ಮಂಗಳೂರು ಕಡೆಯ ಹಿರಿಯರೊಬ್ಬರಿದ್ದಾರೆ. ಅವರು ಚಾಕು ನೋಡಿ, "ಇಷ್ಟು ನುಣ್ಣಗೆ ಮಾಡಿದ್ದು ಎಂತಕ್ಕೆ ಮಾರಾಯ? ಟೊಮೆಟೊಗೆ ಹಲ್ಲು ಬೇಕು" ಅಂದರು. ಆ ಹಲ್ಲಿನ ಮಾತನ್ನು ಪರೀಕ್ಷೆ ಮಾಡಿಯೇ ನೋಡೋಣ ಅಂತ ಬೇರೆ ಹೋಟೆಲಿನ ಗೆಳೆಯನಿಂದ ಅದೇ ಕಂಪನಿಯ 2000 ಮತ್ತು 5000ದ ಕಲ್ಲುಗಳನ್ನು ತಂದೆ.

ಈ ಅಂಕಿಗಳ ಹಿಂದೆ ಇರುವುದು ಕಣದ ಗಾತ್ರ. ಕಂಪನಿಯ ಲೆಕ್ಕದಲ್ಲಿ 1000ದ ಕಣ 14.7 ಮೈಕ್ರಾನ್, 2000ದ್ದು 7.35, 5000ದ್ದು 2.94, 8000ದ್ದು 1.84. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ. ಕಣ ಎಷ್ಟು ದೊಡ್ಡದೋ ಅಂಚಿನಲ್ಲಿ ಅಷ್ಟು ದೊಡ್ಡ ಗೀರು, ಅಷ್ಟು ದೊಡ್ಡ ಹಲ್ಲು. ಇಲ್ಲೊಂದು ಮಾತು ಹೇಳಲೇಬೇಕು. ಒಂದೇ ಅಂಕಿ ಇದ್ದ ಮಾತ್ರಕ್ಕೆ ಎಲ್ಲವೂ ಒಂದೇ ನಯ ಅಲ್ಲ. ಹಾರ್ಡ್‌ವೇರ್ ಅಂಗಡಿಯ ಎಮರಿ ಪೇಪರಿನ ಹಿಂಬದಿಯಲ್ಲಿ ಪಿ2000 ಅಂತ ಇದ್ದರೆ ಅದರ ಕಣ 10.3 ಮೈಕ್ರಾನ್. 2000ದ ಕಲ್ಲಿಗಿಂತ ಅದು ಒರಟು. ನಮ್ಮಲ್ಲಿ ಒಬ್ಬ ಇವೆರಡೂ ಒಂದೇ ಅಂದುಕೊಂಡು ಪಾಪ ತುಂಬಾ ದಿನ ಒದ್ದಾಡಿದ.

ಪರೀಕ್ಷೆಗೆ ಎರಡು ಚಾಕು ಇಟ್ಟುಕೊಂಡೆ. ಒಂದು ಜರ್ಮನ್ ಶೆಫ್ ಚಾಕು, ಸ್ವಲ್ಪ ಮೆತ್ತನೆಯ ಉಕ್ಕು, ಗಡಸುತನದ ರಾಕ್‌ವೆಲ್ ಅಳತೆಯಲ್ಲಿ 56ರಿಂದ 58. ಇನ್ನೊಂದು ವಿಜಿ-10 ಉಕ್ಕಿನ ಗ್ಯೂಟೊ, ಅಂದರೆ ಜಪಾನಿ ಶೆಫ್ ಚಾಕು, ಗಡಸು, 60ರ ಮೇಲೆ. ಈ ಸಲ ಪ್ರತಿ ಸಾರಿಯೂ 1000ದಲ್ಲಿ ಬರ್ ಪೂರ್ತಿ ತೆಗೆದ ಮೇಲೇ ಮುಂದಿನ ಕಲ್ಲು.

ಜರ್ಮನ್ ಚಾಕು 1000ದಲ್ಲೇ ನಿಂತಾಗ ಟೊಮೆಟೊ, ಕ್ಯಾಪ್ಸಿಕಂ ಸಿಪ್ಪೆಯನ್ನು ಇಟ್ಟ ಕೂಡಲೇ ಹಿಡಿದುಕೊಂಡಿತು. ಆದರೆ ಕೊತ್ತಂಬರಿ ಹೆಚ್ಚಿದರೆ ಬೋರ್ಡಿನ ಮೇಲೆ ಹಸಿರು ಕಲೆ ಬಿಡುತ್ತಿತ್ತು, ಅಂದರೆ ಎಲೆ ಸ್ವಲ್ಪ ಜಜ್ಜಿ ಹೋಗುತ್ತಿತ್ತು. 2000ದಲ್ಲಿ ಆ ಕಲೆ ಕಮ್ಮಿಯಾಯಿತು, ಟೊಮೆಟೊ ಹಿಡಿತವೂ ಹಾಗೇ ಉಳಿಯಿತು. 5000, 8000ಕ್ಕೆ ಹೋದಾಗ ಮೊದಲ ಅರ್ಧ ಗಂಟೆ ಸೊಗಸು. ಈ ಸಲ ಟೊಮೆಟೊ ಕೂಡ ಚೆನ್ನಾಗಿಯೇ ಕತ್ತರಿಸಿತು. ಹಾಗಾಗಿ ಆ ಭಾನುವಾರದ ತಪ್ಪು 8000ದ ಕಲ್ಲಿನದ್ದಲ್ಲ. ಆದರೆ ಒಂದು ಮೂಟೆ ಈರುಳ್ಳಿ ಮುಗಿಯುವಷ್ಟರಲ್ಲಿ ಆ ನಯ ಹೋಗಿಬಿಟ್ಟಿತು, ಹಿಡಿಯಲು ಹಲ್ಲೂ ಇಲ್ಲ. ಮೆತ್ತನೆಯ ಉಕ್ಕಿಗೆ ಅಷ್ಟು ನಯವನ್ನು ಕಾಪಾಡಿಕೊಳ್ಳುವ ತಾಕತ್ತಿಲ್ಲ.

ಗ್ಯೂಟೊ ಕಥೆಯೇ ಬೇರೆ. 5000ದಲ್ಲಿ ಮುಗಿಸಿ ಸಾಲ್ಮನ್ ಮೇಲೆ ಒಂದೇ ಎಳೆತ ಎಳೆದೆ. ತುಂಡಿನ ಮುಖ ಒದ್ದೆ ಗಾಜಿನ ಹಾಗೆ ಹೊಳೆಯಿತು. ಬಿಳಿ ಕೊಬ್ಬಿನ ಗೆರೆಗಳು ಒಂದೂ ಕದಡಿರಲಿಲ್ಲ. ಅದೇ ಮೀನನ್ನು 1000ದ ಅಂಚಿನಲ್ಲಿ ಕತ್ತರಿಸಿದ್ದನ್ನು ಪಕ್ಕದಲ್ಲಿಟ್ಟೆ. ಅದರ ಮುಖ ಮಂಕಾಗಿತ್ತು, ಬೆರಳಲ್ಲಿ ಮುಟ್ಟಿದರೆ ಸ್ವಲ್ಪ ಜವುಗು. ಹಸಿ ಮೀನಿಗೆ ನಯವಾದ ಕಲ್ಲು ಬೇಕೇ ಬೇಕು. ಆ ಎರಡು ತುಂಡುಗಳನ್ನು ಹುಡುಗರನ್ನೆಲ್ಲ ಕರೆದು ತೋರಿಸಿದೆ. 5000ಕ್ಕೂ 8000ಕ್ಕೂ ಮಧ್ಯೆ ಮೀನಿನಲ್ಲಿ ನನಗೆ ಕಂಡ ವ್ಯತ್ಯಾಸ ತೀರಾ ಸಣ್ಣದು. ಒಂದೇ ಕೊಳ್ಳುವ ಹಾಗಿದ್ದರೆ ಈಗ ನಾನು 5000ವನ್ನೇ ಕೊಳ್ಳುತ್ತೇನೆ.

ನೀರು ಹಾಕದೆ ಒಣಗೇ ಬಳಸುವ ಗಟ್ಟಿ ಸೆರಾಮಿಕ್ ಕಲ್ಲುಗಳೂ ಇವೆ. ಅಮೆರಿಕದ ಸ್ಪೈಡರ್ಕೊ ಅವುಗಳಿಗೆ ಅಂಕಿ ಕೊಡುವುದಿಲ್ಲ, ಫೈನ್, ಅಲ್ಟ್ರಾ ಫೈನ್ ಅಂತ ಹೆಸರು ಮಾತ್ರ. ಎರಡರಲ್ಲೂ ಕಣದ ಗಾತ್ರ ಒಂದೇ. ಮೇಲ್ಮೈಯನ್ನು ಎಷ್ಟು ನುಣ್ಣಗೆ ಉಜ್ಜಿದ್ದಾರೆ ಅನ್ನುವುದರಲ್ಲಿ ವ್ಯತ್ಯಾಸ. ಹಾಗಾಗಿ ಇವನ್ನು ಶಾಪ್ಟನ್‌ನಂಥ ನೀರು ಹಾಕಿ ಬಳಸುವ ಕಲ್ಲುಗಳ ಅಂಕಿಗೆ ಹೋಲಿಸಲು ಹೋಗಬೇಡಿ. ಊರಲ್ಲಿ ಅಮ್ಮ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ ಅದರ ತಳದ ಒರಟು ಬಳೆಗೆ ಚಾಕು ಉಜ್ಜುತ್ತಿದ್ದದ್ದು ನೆನಪಿದೆ. ಅದೂ ಸೆರಾಮಿಕ್ಕೇ. ಸರ್ವಿಸ್ ಮಧ್ಯೆ ಅಂಚು ಸ್ವಲ್ಪ ಸೋತರೆ ನಾನು ಇಂಥ ಗಟ್ಟಿ ಸೆರಾಮಿಕ್ ಕಡ್ಡಿಯಲ್ಲೇ ನಾಲ್ಕು ಸಲ ಹಗುರವಾಗಿ ಎಳೆದುಕೊಳ್ಳುತ್ತೇನೆ. ಉಕ್ಕಿನ ಪುಡಿ ಕೂತು ಕಪ್ಪಾದರೆ ಪಾತ್ರೆ ತೊಳೆಯುವ ಪುಡಿ ಹಾಕಿ ತಿಕ್ಕಿದರೆ ಸಾಕು.

ಈಗ ನಮ್ಮಲ್ಲಿ ತರಕಾರಿ ಚಾಕುಗಳೆಲ್ಲ 2000ಕ್ಕೆ ನಿಲ್ಲುತ್ತವೆ. ಬುಚರಿಯವು 1000ಕ್ಕೆ. ಮೀನಿನವು ಮಾತ್ರ 5000ಕ್ಕೆ ಹೋಗುತ್ತವೆ. ಈ ಶಾಪ್ಟನ್ ಕಲ್ಲುಗಳನ್ನು ನೆನೆಹಾಕುವುದಿಲ್ಲ, ಮೇಲೆ ನೀರು ಚಿಮುಕಿಸಿದರೆ ಸಾಕು. ಕೆಲಸ ಆದ ಮೇಲೆ ನೆರಳಲ್ಲಿ ಒಣಗಿಸುತ್ತೇವೆ, ಬಿಸಿಲಿಗಿಟ್ಟರೆ ಬಿರುಕು ಬಿಡಬಹುದು. ಮಧ್ಯ ಸವೆದು ಗುಂಡಿ ಬಿದ್ದರೆ ಡೈಮಂಡ್ ಪ್ಲೇಟಿನಲ್ಲಿ ಉಜ್ಜಿ ಸಮ ಮಾಡಬೇಕು. ಮಸೆದ ಚಾಕು ಸೋಪಿನಲ್ಲಿ ತೊಳೆಯದೆ ಬೋರ್ಡಿಗೆ ಹೋಗುವ ಹಾಗಿಲ್ಲ, ಅಂಟಿಕೊಂಡ ಉಕ್ಕಿನ ಪುಡಿ ಊಟಕ್ಕೆ ಸೇರುತ್ತದೆ.

ಬೆರಳಿಗೆ ಹೊಲಿಗೆ ಬಿದ್ದ ಹುಡುಗನೇ ಈಗ ನನ್ನ ಜೊತೆ ಮಸೆಯಲು ನಿಲ್ಲುತ್ತಾನೆ. ಮೊದಲು ಅಂಚಿನುದ್ದಕ್ಕೂ ಮಾರ್ಕರಿನಲ್ಲಿ ಕಪ್ಪು ಬಳಿಯುತ್ತಾನೆ. ಹತ್ತು ಸಲ ತಿಕ್ಕಿ ನೋಡುತ್ತಾನೆ. ಕಪ್ಪು ಉಳಿದ ಕಡೆ ಕಲ್ಲು ತಾಗಿಲ್ಲ ಅಂತ ಗೊತ್ತಾಗುತ್ತದೆ, ಕೋನ ಸರಿ ಮಾಡಿಕೊಳ್ಳುತ್ತಾನೆ. ಬರ್ ತೆಗೆದಾದ ಮೇಲೆ ಪಾಸ್‌ನ ದೀಪದ ಕೆಳಗೆ ಹೋಗಿ ಅಂಚು ಮೇಲೆ ಮಾಡಿ ಹಿಡಿಯುತ್ತಾನೆ. ಎಲ್ಲಾದರೂ ಒಂದು ಚುಕ್ಕೆ ಮಿಂಚಿದರೂ ಏನೂ ಹೇಳದೆ ವಾಪಸ್ 1000ದ ಕಲ್ಲಿಗೆ ಬರುತ್ತಾನೆ.