ತವರದ ಹನಿ ಮತ್ತು ದೇಶಗಳ ಬಲಾಬಲ

ಕೃತಕ ಬುದ್ಧಿಮತ್ತೆಯ ಪೈಪೋಟಿಯ ಸುದ್ದಿ ಓದುವಾಗಲೆಲ್ಲ ನನ್ನ ಮನಸ್ಸು ನೆದರ್‌ಲ್ಯಾಂಡ್ಸ್‌ನ ವೆಲ್ಡ್‌ಹೋವನ್ ಊರಿನತ್ತ ಹೋಗುತ್ತದೆ. ಅಲ್ಲಿನ ಎಎಸ್‌ಎಂಎಲ್ ಕಂಪನಿ ತಯಾರಿಸುವ ಯಂತ್ರದೊಳಗೆ ಕರಗಿದ ತವರದ ಹನಿಗಳು ಸೆಕೆಂಡಿಗೆ ಸುಮಾರು 50,000ದಂತೆ ಚಿಮ್ಮುತ್ತವೆ. ಅವಕ್ಕೆ ಲೇಸರ್ ಬಡಿದಾಗ ಹೊಮ್ಮುವ, ಕಣ್ಣಿಗೆ ಕಾಣದ 13.5 ನ್ಯಾನೊಮೀಟರ್ ತರಂಗಾಂತರದ ಬೆಳಕೇ ಅತಿ ಸೂಕ್ಷ್ಮ ಚಿಪ್‌ಗಳ ಗೆರೆಗಳನ್ನು ಮೂಡಿಸುತ್ತದೆ. ಈ ಯಂತ್ರ ಚೀನಾದ ಕೈಗೆ ಸಿಗದಂತೆ ಒತ್ತಡ ಹೇರಿದ ಅಮೆರಿಕ, 2022ರ ಅಕ್ಟೋಬರ್‌ನಲ್ಲಿ ಎಐಗೆ ಬೇಕಾದ ಪ್ರಬಲ ಚಿಪ್‌ಗಳ ರಫ್ತಿಗೂ ಕಡಿವಾಣ ಹಾಕಿತು. ಅಂಥ ಚಿಪ್‌ಗಳಲ್ಲಿ ಬಹುಪಾಲು ತಯಾರಾಗುವುದು ತೈವಾನ್‌ನಲ್ಲಿ, ಚೀನಾದ ಕರಾವಳಿಗೆ ಎದುರಾಗಿ, ಎಂಬುದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಬೆಂಗಳೂರಿನಲ್ಲಿ ಚಿಪ್ ವಿನ್ಯಾಸ ಮಾಡುವ ಸಾವಿರಾರು ಎಂಜಿನಿಯರುಗಳಿದ್ದಾರೆ. ಆದರೂ ಅವರು ರೂಪಿಸಿದ ಅತ್ಯಾಧುನಿಕ ವಿನ್ಯಾಸವೊಂದು ಚಿಪ್ ಆಗಿ ಕೈಗೆ ಬರಬೇಕಾದರೆ ಇಂದಿಗೂ ಹೊರದೇಶದ ಕಾರ್ಖಾನೆಯನ್ನೇ ನೆಚ್ಚಿಕೊಳ್ಳಬೇಕು.