‘ಈಜೋಕೆ ಬರುತ್ತೆ’ ಮತ್ತು ಆ ಒಂದು ‘ಟು’

ಒಂಬತ್ತನೇ ಕ್ಲಾಸಿನ ನೋಟ್‌ಬುಕ್ಕುಗಳಲ್ಲಿ ಮೊನ್ನೆಯೂ ಅದೇ ವಾಕ್ಯ ಸಿಕ್ಕಿತು: ‘ಐ ಕ್ಯಾನ್ ಟು ಸ್ವಿಮ್.’ ‘ಕ್ಯಾನ್, ಮಸ್ಟ್, ಶುಡ್ ಆದಮೇಲೆ ಟು ಬರಲ್ಲ’ ಅಂತ ವರ್ಷಾನುಗಟ್ಟಲೆ ಬಾಯಿಪಾಠ ಮಾಡಿಸಿದ್ದೇನೆ. ಮಕ್ಕಳು ಚೆನ್ನಾಗಿ ಒಪ್ಪಿಸುತ್ತಾರೆ, ಮಾರನೇ ದಿನ ಮತ್ತೆ ಟು ಬರೆಯುತ್ತಾರೆ.

ಈ ಸಲ ಕೆಂಪು ಪೆನ್ನು ಹಿಡಿದು ಕೂತಾಗ ಹೊಳೆಯಿತು. ಮಗು ಮನಸ್ಸಲ್ಲಿ ಅಂದುಕೊಂಡದ್ದು ‘ನಂಗೆ ಈಜೋಕೆ ಬರುತ್ತೆ’ ಅಂತ. ‘ಈಜೋಕೆ’ಯ ಕೊನೆಯಲ್ಲಿರುವ ಆ ‘ಓಕೆ’ಯೇ ಟು ಆಗಿ ಇಳಿದಿದೆ. ಅಜಾಗರೂಕತೆ ಅಲ್ಲ ಅದು, ಕನ್ನಡವನ್ನು ನಿಷ್ಠೆಯಿಂದ ಹಿಂಬಾಲಿಸಿದ ಫಲ.

ಹಾಗಾಗಿ ಮರುದಿನ ಪಠ್ಯಪುಸ್ತಕ ಮುಚ್ಚಿಸಿ ಬೋರ್ಡಿನ ಮೇಲೆ ‘ಈಜೋಕೆ ಹೋದೆ’ ಅಂತ ಬರೆದೆ. ಅದರ ಕೆಳಗೆ ‘ಈಜಬೇಕು, ಈಜಬಹುದು, ಈಜಬಲ್ಲೆ.’ ಮೇಲಿದ್ದ ‘ಓಕೆ’ ಕೆಳಗೆ ಎಲ್ಲಿ ಹೋಯ್ತು ಅಂತ ಕೇಳಿದೆ. ಕಿಟಕಿ ಪಕ್ಕದ ಹುಡುಗಿ ಎದ್ದು ನಿಂತಳು. ‘ಮಿಸ್, ಈಜೋಕೆಬೇಕು ಅಂತ ಯಾರೂ ಅನ್ನಲ್ವಲ್ಲ!’

ಅಷ್ಟೇ ವಿಷಯ. ಬೇಕು, ಬಹುದು, ಬಲ್ಲೆ ಕ್ರಿಯಾಪದಕ್ಕೆ ನೇರವಾಗಿ ಅಂಟಿಕೊಳ್ಳುತ್ತವೆ. ಮಸ್ಟ್, ಮೇ, ಕ್ಯಾನ್ ಕೂಡ ಹಾಗೇ. ‘ಅಪ್ಪ ಹೋಗಗೊಡಲಿಲ್ಲ’ ಅನ್ನುವಲ್ಲಿ ‘ಓಕೆ’ ಇಲ್ಲ, ‘ಡಿಡ್ ನಾಟ್ ಲೆಟ್ ಮಿ ಗೋ’ ಅನ್ನುವಲ್ಲಿ ಟು ಇಲ್ಲ. ಧಾರವಾಡದ ಕಡೆಯ ‘ಹೋಗಾಕ’, ಮಂಗಳೂರಿನ ‘ಹೋಗ್ಲಿಕ್ಕೆ’, ಪುಸ್ತಕದ ‘ಹೋಗಲು’, ಎಲ್ಲವೂ ಇನ್ಫಿನಿಟಿವ್‌ಗಳೇ, ಅಂದರೆ ಯಾರು, ಯಾವಾಗ ಅಂತ ಹೇಳದ ಕ್ರಿಯಾರೂಪಗಳು. ಆ ದೊಡ್ಡ ಹೆಸರು ಕೇಳಿ ಮಕ್ಕಳು ಹೆದರಬೇಕಾಗಿಲ್ಲ.

ಸ್ಟಾಪ್ ಅನ್ನೋದನ್ನು ಕಲಿಸಲು ನಮ್ಮ ಭಾಷೆಗಿಂತ ಒಳ್ಳೆಯ ಉಪಕರಣ ನನಗೆ ಸಿಕ್ಕಿಲ್ಲ. ಡ್ರೈವರ್ ಟೀ ಕುಡಿಯೋಕೆ ನಿಂತ: ‘ಸ್ಟಾಪ್ಡ್ ಟು ಡ್ರಿಂಕ್ ಟೀ.’ ಡಾಕ್ಟರ್ ಹೇಳಿದ ಮೇಲೆ ಟೀ ಕುಡಿಯೋದು ನಿಲ್ಲಿಸಿದ: ‘ಸ್ಟಾಪ್ಡ್ ಡ್ರಿಂಕಿಂಗ್ ಟೀ.’ ಇಲ್ಲಿ ‘ಕುಡಿಯೋಕೆ’ಯ ‘ಓಕೆ’ಗೆ ಟು, ‘ಕುಡಿಯೋದು’ ಅನ್ನೋದರ ಕೊನೆಯ ‘ಓದು’ಗೆ ಇಂಗ್. ಎಲ್ಲ ಕಡೆ ಹೀಗೆ ಹೊಂದುವುದಿಲ್ಲ, ‘ಓದೋದು ಇಷ್ಟ’ ಅನ್ನೋದಕ್ಕೆ ‘ಲೈಕ್ ಟು ರೀಡ್’, ‘ಲೈಕ್ ರೀಡಿಂಗ್’ ಎರಡೂ ನಡೆಯುತ್ತೆ.

ಕನ್ನಡದ ಆಸರೆ ಪೂರ್ತಿ ಕೈಬಿಡೋದು ವಾಂಟ್ ಹತ್ತಿರ. ‘ನಾನು ಓದಬೇಕು ಅಂತ ಅಮ್ಮನಿಗೆ ಆಸೆ’ ಅನ್ನೋದನ್ನು ಮಕ್ಕಳು ‘ಮದರ್ ವಾಂಟ್ಸ್ ದಟ್ ಐ ಶುಡ್ ಸ್ಟಡಿ’ ಅಂತ ಬರೆಯುತ್ತಾರೆ. ಇಂಗ್ಲಿಷಿನವರು ಅನ್ನೋದು ‘ವಾಂಟ್ಸ್ ಮಿ ಟು ಸ್ಟಡಿ.’ ಓದೋದು ನಾನೇ ಆದರೂ ‘ಐ’ ಹೋಗಿ ‘ಮಿ’ ಬರುತ್ತೆ. ಇದಕ್ಕೆ ಅಭ್ಯಾಸವೊಂದೇ ದಾರಿ. ನಿಮ್ಮನೆಯಲ್ಲಿ ಯಾರಿಗೆ ನಿಮ್ಮಿಂದ ಏನಾಗಬೇಕು, ಬರೆದು ತನ್ನಿ ಅಂದೆ.

ಕಿಟಕಿ ಪಕ್ಕದವಳು ಬರೆದಿದ್ದಳು: ‘ಮೈ ಗ್ರ್ಯಾಂಡ್‌ಮದರ್ ವಾಂಟ್ಸ್ ಮಿ ಟು ರೀಡ್ ದ ಪೇಪರ್. ಶಿ ಕೆನಾಟ್ ಟು ರೀಡ್.’ ಆ ಕೊನೆಯ ‘ಟು’ ಮೇಲೆ ಆಗಲೇ ಪೆನ್ಸಿಲಿನ ಗೀಟು ಬಿದ್ದಿತ್ತು.